ಗಂಡಿನದೇನೂ ನಡೆಯುವುದಿಲ್ಲ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ರೇಷ್ಮೆ ಹುಳದ ಬಗ್ಗೆ ಕೇಳಿದ್ದಾರೆ: "ಸಿ.ಬಿ. (ಮಿಶ್ರತಳಿ) ಮೊಟ್ಟೆ ಹತ್ತು ಹನ್ನೊಂದು ದಿನಕ್ಕೆ ತಾನಾಗೇ ಒಡೆಯುತ್ತದೆ. ಬೈವೋಲ್ಟೀನ್ (ವರ್ಷಕ್ಕೆ ಎರಡು ತಲೆಮಾರಿನ ತಳಿ) ಮೊಟ್ಟೆಗೆ ಮಾತ್ರ ಆಸಿಡ್ ಯಾಕೆ? ಎರಡರಲ್ಲೂ ಗಂಡು ಬೈವೋಲ್ಟೀನೇ ಅಲ್ವಾ? ಆಸಿಡ್ ಕಂಡ ಮೊಟ್ಟೆಯ ಹುಳ ಸೊರಗುತ್ತದೆ ಅಂತಾರೆ, ನಿಜವಾ?"

ಗಂಡು ಬೈವೋಲ್ಟೀನೇ, ಸರಿ. ಆದರೆ ಮೊಟ್ಟೆ ಮಲಗಬೇಕೋ ಬೇಡವೋ, ಅಂದರೆ ಬೆಳವಣಿಗೆ ನಿಲ್ಲಿಸಿ ಸುಮ್ಮನಿರಬೇಕೋ ಬೇಡವೋ ಅನ್ನುವ ವಿಷಯದಲ್ಲಿ ಗಂಡಿನ ಮಾತು ನಡೆಯುವುದಿಲ್ಲ. ಅದು ತಾಯಿಯ ತೀರ್ಮಾನ. ಸಿ.ಬಿ.ಯ ತಾಯಿ ಮೈಸೂರು ತಳಿ, ಕುಣಿಗಲ್ ಕಡೆ ಬಿತ್ತನೆಗೆ ಬೆಳೆಯುತ್ತಾರಲ್ಲ, ಅದು. ಅದರ ಮೊಟ್ಟೆ ಮಲಗುವುದೇ ಇಲ್ಲ.

ಬೈವೋಲ್ಟೀನ್ ತಾಯಿ ಬೇರೆ. ಅವಳು ಇನ್ನೂ ಪ್ಯೂಪಾ (ಹುಳ ಚಿಟ್ಟೆಯಾಗುವ ಮುಂಚಿನ ಸ್ಥಿತಿ) ಆಗಿ ಗೂಡಿನೊಳಗೆ ಇರುವಾಗಲೇ ಅನ್ನನಾಳದ ಕೆಳಗಿನ ನರಗಂಟಿನಿಂದ ಒಂದು ಹಾರ್ಮೋನ್ ರಕ್ತಕ್ಕೆ ಇಳಿದು ಅಂಡಾಶಯ ಸೇರುತ್ತದೆ. ಬೆಳೆಯುತ್ತಿರುವ ಮೊಟ್ಟೆ ಆಗ ರಕ್ತದಲ್ಲಿರುವ ಸಕ್ಕರೆಯನ್ನು ಜಾಸ್ತಿ ಎಳೆದುಕೊಂಡು ಗ್ಲೈಕೋಜೆನ್ ಮಾಡಿ ಕೂಡಿಡುತ್ತದೆ. ಇಟ್ಟಾಗ ಹಳದಿ ಇದ್ದ ಅಂಥ ಮೊಟ್ಟೆ ಎರಡು ಮೂರು ದಿನದಲ್ಲಿ ಕಂದು, ಆಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಬೆಳವಣಿಗೆ ನಿಂತಿತು ಅಂತ ಅರ್ಥ. ಜಪಾನಿನ ವಿಜ್ಞಾನಿಗಳಾದ ಫುಕುಡಾ ಮತ್ತು ಹಸೆಗಾವ ಇದನ್ನು 1950ರ ದಶಕದ ಶುರುವಿನಲ್ಲಿ ತೋರಿಸಿದರು. ಮಲಗದ ಮೊಟ್ಟೆ ಇಡಬೇಕಿದ್ದ ಪ್ಯೂಪಾಕ್ಕೆ ಆ ನರಗಂಟನ್ನು ಕಸಿ ಮಾಡಿದರೆ, ಅದೂ ಮಲಗುವ ಮೊಟ್ಟೆ ಇಟ್ಟಿತು!

ನನಗೆ ಮಜಾ ಅನಿಸುವುದು ಇದು. ತಾಯಿ ಹೀಗೆ ಮಾಡಬೇಕು ಅನ್ನುವುದು ಅವಳು ಮೊಟ್ಟೆಯೊಳಗೆ ಇದ್ದಾಗಲೇ ಗೊತ್ತಾಗಿರುತ್ತದೆ. ಆಗ 25 ಡಿಗ್ರಿ ಬಿಸಿ, ಬೆಳಕು ಸಿಕ್ಕಿದ್ದರೆ ಅವಳ ಮೊಟ್ಟೆಗಳು ಮಲಗುತ್ತವೆ. 15 ಡಿಗ್ರಿ, ಕತ್ತಲೆ ಇದ್ದರೆ ಮಲಗುವುದಿಲ್ಲ. ಬಿಸಿ ಅಂದರೆ ಬೇಸಿಗೆ, ಮಕ್ಕಳ ಹೊತ್ತಿಗೆ ಚಳಿಗಾಲ ಬರುತ್ತದೆ ಅನ್ನುವ ಲೆಕ್ಕ. ಜಪಾನಿಗೆ ಸರಿಯಾದ ಲೆಕ್ಕವೇ, ಆದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸುಮ್ನೆ ಬರದ ಚಳಿಗೆ ಕಾಯುತ್ತಾ ಮಲಗಿರುತ್ತವೆ, ಪಾಪ.

ಅದಕ್ಕೇ ಆಸಿಡ್. ಮೊಟ್ಟೆ ಇಟ್ಟು ಸುಮಾರು 20 ಗಂಟೆ ಆದಾಗ, ಬಣ್ಣ ತಿರುಗುವ ಮೊದಲೇ, 46 ಡಿಗ್ರಿಗೆ ಕಾಯಿಸಿದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಐದಾರು ನಿಮಿಷ ಅದ್ದಿ, ನೀರಲ್ಲಿ ಚೆನ್ನಾಗಿ ತೊಳೆಯುತ್ತಾರೆ. ಮೊಟ್ಟೆ ಮಲಗದೆ ಬೆಳೆಯುತ್ತಾ ಹೋಗುತ್ತದೆ. ಅದ್ದುವ ಹೊತ್ತು ಮೀರಿದರೆ ಮೊಟ್ಟೆಯೇ ಸಾಯುತ್ತದೆ, ಹಾಗಾಗಿ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಸರಿಯಾಗಿ ಮಾಡಿದ್ದರಿಂದ ಹುಳ ಸೊರಗುವುದಿಲ್ಲ. ನಿಮ್ಮ ಹುಳ ಸೊರಗಿದ್ದರೆ ಮೊದಲು ಸೊಪ್ಪು ನೋಡಿ, ಹುಳದ ಮನೆಯ ಬಿಸಿ ನೋಡಿ.