ಸುಲ್ತಾನರ ಕಂದಾಯದ ಲೆಕ್ಕ ಕಾಪ್ಟರ ಕೈಯಲ್ಲಿ ಯಾಕಿತ್ತು?

ಪ್ರಶ್ನೆ: ಈಜಿಪ್ಟನ್ನು ಮುಸ್ಲಿಂ ದೊರೆಗಳು ಆಳುತ್ತಿದ್ದಾಗ ಕಂದಾಯದ ಲೆಕ್ಕ ಬರೆಯುತ್ತಿದ್ದವರಲ್ಲಿ ಕಾಪ್ಟರೇ, ಅಂದರೆ ಅಲ್ಲಿನ ಮೂಲ ನಿವಾಸಿ ಕ್ರೈಸ್ತರೇ, ಜಾಸ್ತಿ ಅಂತ ಓದಿದೆ. ನಿಜವೇ? ತಮ್ಮ ಧರ್ಮದವರನ್ನು ಬಿಟ್ಟು ಇವರನ್ನು ಯಾಕೆ ಇಟ್ಟುಕೊಂಡರು?

ಉತ್ತರ: ನಿಜ. ಇದನ್ನು ಬರೀ ದೊರೆಗಳ ಉದಾರತೆ ಅಂದರೆ ಅರ್ಧ ಮಾತೂ ಆಗುವುದಿಲ್ಲ, ದೊಡ್ಡ ಕಾರಣ ನೈಲ್ ನದಿ. ಅಲ್ಲಿ ಪ್ರವಾಹ ಬಂದರೆ ಬೆಳೆ, ಬೆಳೆ ಬಂದರೆ ಕಂದಾಯ. ಮುಸ್ಲಿಮರ ಹಿಜರಿ ವರ್ಷ ಚಂದ್ರನದು, 354 ದಿನ. ವರ್ಷ ವರ್ಷವೂ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಅದನ್ನೇ ನೆಚ್ಚಿಕೊಂಡರೆ ಕೆಲವೇ ವರ್ಷಗಳಲ್ಲಿ ಪೈರು ಹಸಿರಾಗಿರುವಾಗಲೇ ವಸೂಲಿಗೆ ಹೋಗಬೇಕಾಗುತ್ತಿತ್ತು, ಅಲ್ವಾ? ಅದಕ್ಕೇ ಭೂಕಂದಾಯಕ್ಕೆ ಕಾಪ್ಟರ ಸೌರ ಪಂಚಾಂಗವೇ ಉಳಿಯಿತು.

ಕೈರೋದ ರೋಡಾ ದ್ವೀಪದಲ್ಲಿ 861ರಲ್ಲಿ ಕಟ್ಟಿದ ನೀರಳೆಯುವ ಕಂಬ ಈಗಲೂ ಇದೆ. ಬಾವಿಯಂಥ ಆಳದ ನಡುವೆ ಎಂಟು ಮುಖದ ಕಲ್ಲುಕಂಬ, ಅದರ ಮೈತುಂಬ ಮೊಳದ ಗೆರೆಗಳು. ನೀರು 16 ಮೊಳ ಮುಟ್ಟಿದರೆ ಊರಿಗೆಲ್ಲ ಹಬ್ಬ, ಖಜಾನೆಗೂ ಧೈರ್ಯ. ಆದರೆ ಯಾವ ಹೊಲಕ್ಕೆ ನೀರು ಹತ್ತಿತು, ಯಾವುದು ಒಣಗಿತು, ಯಾವ ಬೆಳೆಗೆ ಎಷ್ಟು ಅಂತ ಬರೆದಿಡುವ ವಿದ್ಯೆ ಕಾಪ್ಟ್ ಮನೆತನಗಳಲ್ಲಿ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಲೆಕ್ಕಕ್ಕೆ ಅವರದೇ ಅಂಕಿಗಳೂ ಇದ್ದವು. 706ರ ಸುಮಾರಿಗೆ ಕಚೇರಿ ಭಾಷೆ ಗ್ರೀಕ್‌ನಿಂದ ಅರಬ್ಬಿಗೆ ಬದಲಾದಾಗ ಅವರು ಅರಬ್ಬಿ ಕಲಿತರು, ಕೆಲಸ ಬಿಡಲಿಲ್ಲ.

ಆದರೆ ಆ ಕುರ್ಚಿ ಯಾವತ್ತೂ ಗಟ್ಟಿಯಾಗಿರಲಿಲ್ಲ. ನನಗೆ ಸಂಕಟವಾಗುವುದು ಇಲ್ಲೇ. 1301ರಲ್ಲಿ, ಆಗ ಈಜಿಪ್ಟ್ ಆಳುತ್ತಿದ್ದ ಮಮ್ಲೂಕ್ ಸುಲ್ತಾನರ ಸರ್ಕಾರ ಕ್ರೈಸ್ತರು ನೀಲಿ ಪೇಟವನ್ನೇ ಸುತ್ತಬೇಕು ಅಂತ ಆಜ್ಞೆ ಮಾಡಿತು, ಕೆಲಸದಿಂದಲೂ ತೆಗೆಯಿತು. ತೆಗೆದ ಮೇಲೆ ಲೆಕ್ಕ ನೋಡುವವರಿಲ್ಲದೆ ಮತ್ತೆ ಕರೆಸುವುದು, ಜನ ಸಿಟ್ಟಾದರೆ ಮತ್ತೆ ತೆಗೆಯುವುದು, ಹೀಗೇ ನಡೆಯಿತು. ಎಷ್ಟೋ ಮಂದಿ ಇಸ್ಲಾಂ ಸೇರಿ ಅದೇ ಕೆಲಸದಲ್ಲಿ ಮುಂದುವರಿದರು. ಮಮ್ಲೂಕರಿಗಿಂತ ಮೊದಲು, 12ನೇ ಶತಮಾನದ ಸುಲ್ತಾನ ಸಲಾದಿನ್ ಕಾಲದ ಅಧಿಕಾರಿ ಇಬ್ನ್ ಮಮ್ಮಾತಿ ಅಂಥ ಮನೆಯವನು. ಈಜಿಪ್ಟಿನ ಆಡಳಿತ, ಜಮೀನು, ಕಂದಾಯದ ಬಗ್ಗೆ ಅವನು ಬರೆದ ಗ್ರಂಥವನ್ನು ಇತಿಹಾಸಕಾರರು ಇಂದಿಗೂ ಬಿಚ್ಚಿ ಓದುತ್ತಾರೆ.

ಮತ ಬದಲಿಸಿದರೂ ಅನುಮಾನ ಹೋಗುತ್ತಿರಲಿಲ್ಲ. ಮಮ್ಲೂಕ್ ಸುಲ್ತಾನ್ ಅಲ್-ನಾಸಿರ್ ಮುಹಮ್ಮದನ ಖಾಸಾ ಖಜಾನೆ ನೋಡುತ್ತಿದ್ದ ಅಲ್-ನಶ್ವ್ ಹಾಗೆ ಮುಸ್ಲಿಮನಾದ ಕಾಪ್ಟ್. ಸುಲ್ತಾನನಿಗೆ ಹಣ ಬೇಕು ಅಂತ ಅಮೀರರನ್ನೂ (ಸೇನೆಯ ದೊಡ್ಡ ಸರದಾರರು) ವ್ಯಾಪಾರಿಗಳನ್ನೂ ಹಿಂಡಿದ, ಎಲ್ಲರ ದ್ವೇಷ ಕಟ್ಟಿಕೊಂಡ. ಕೊನೆಗೆ ಆ ಸುಲ್ತಾನನೇ ಅವನನ್ನು ಹಿಡಿಸಿದ, 1340ರ ಸುಮಾರಿಗೆ ಸೆರೆಯಲ್ಲಿ ಚಿತ್ರಹಿಂಸೆ ತಾಳದೆ ಸತ್ತ.