ಗಿಡ ನೆಟ್ಟವರು ಸರ್ಕಾರವನ್ನು ಲೆಕ್ಕ ಕೇಳಿದಾಗ

ಪ್ರಶ್ನೆ: ಕೀನ್ಯಾದ ವಂಗಾರಿ ಮಾಥಾಯಿ ಅವರು ಗಿಡ ನೆಡಿಸಿದ್ದಕ್ಕಾಗಿ 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರೆಂದು ಓದಿದ್ದೇನೆ. ಗಿಡ ನೆಡುವುದಕ್ಕೂ ಶಾಂತಿಗೂ ಏನು ಸಂಬಂಧ? ಅವರನ್ನು ಪರಿಸರವಾದಿ ಎನ್ನಬೇಕೋ, ರಾಜಕಾರಣಿ ಎನ್ನಬೇಕೋ?

ಉತ್ತರ: ಎರಡೂ ಹೌದು. ಮೊದಲನೆಯದೇ ಅವರನ್ನು ಎರಡನೆಯದಕ್ಕೆ ಎಳೆದು ತಂದಿತು. 1940ರಲ್ಲಿ ನ್ಯೇರಿ ಸೀಮೆಯ ಇಹಿಥೆ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಅಮೆರಿಕದಲ್ಲಿ ಜೀವಶಾಸ್ತ್ರ ಓದಿ, 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಅಲ್ಲಿಯೇ ಪಶುವೈದ್ಯಕೀಯ ಅಂಗರಚನಾಶಾಸ್ತ್ರವನ್ನು ಕಲಿಸುತ್ತಿದ್ದರು. ಸೌದೆಗಾಗಿ ದೂರ ನಡೆಯಬೇಕಾಗಿದೆ, ತೊರೆಗಳು ಬತ್ತುತ್ತಿವೆ, ಮಕ್ಕಳಿಗೆ ಪೌಷ್ಟಿಕ ಆಹಾರವಿಲ್ಲ ಎಂಬ ಗ್ರಾಮೀಣ ಹೆಂಗಸರ ದೂರುಗಳು ರಾಷ್ಟ್ರೀಯ ಮಹಿಳಾ ಮಂಡಳಿಯ ಸಭೆಗಳಲ್ಲಿ ಅವರ ಕಿವಿಗೆ ಬಿದ್ದವು. 1977ರ ಜೂನ್ 5ರಂದು, ವಿಶ್ವ ಪರಿಸರ ದಿನದಂದು, ನೈರೋಬಿಯಲ್ಲಿ ಏಳು ಸಸಿಗಳನ್ನು ನೆಡುವುದರೊಂದಿಗೆ ಗ್ರೀನ್ ಬೆಲ್ಟ್ ಚಳವಳಿ ಆರಂಭವಾಯಿತು.

ಈ ಚಳವಳಿ ಮೂರು ಕೋಟಿಗೂ ಹೆಚ್ಚು ಗಿಡ ನೆಟ್ಟಿತೆಂಬುದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಲೆಕ್ಕದ ಕ್ರಮ. ಸಸಿ ಬೆಳೆಸಿದ ಹೆಂಗಸರಿಗೆ ಸಣ್ಣ ಮೊತ್ತವೊಂದು ಸಿಗುತ್ತಿತ್ತಾದರೂ ಅದು ನೆಟ್ಟ ಕೂಡಲೇ ಕೈಗೆ ಬರುತ್ತಿರಲಿಲ್ಲ. ಗಿಡ ಬದುಕಿದೆಯೆಂದು ಖಚಿತವಾದ ಮೇಲೆಯೇ ಬರುತ್ತಿತ್ತು. ಓದುಬರಹ ಹೆಚ್ಚಾಗಿ ಬಾರದ ಈ ಹೆಂಗಸರನ್ನು ‘ಡಿಪ್ಲೊಮಾ ಇಲ್ಲದ ಅರಣ್ಯಾಧಿಕಾರಿಗಳು’ ಎಂದು ಮಾಥಾಯಿ ಕರೆಯುತ್ತಿದ್ದರು. ಗಿಡದ ಕೆಲಸದ ಜೊತೆಗೆ ನಾಗರಿಕ ಶಿಕ್ಷಣದ ಶಿಬಿರಗಳೂ ನಡೆದವು. ಜನರು ಅಲ್ಲಿ ತಮ್ಮ ಕಷ್ಟಗಳನ್ನೂ ಅವುಗಳ ಕಾರಣಗಳನ್ನೂ ಒಂದೊಂದಾಗಿ ಹೇಳಬೇಕಿತ್ತು. ತನ್ನ ಹೊಲದ ಮಣ್ಣು ಕೊಚ್ಚಿಹೋಗಲು ತನ್ನ ಉದಾಸೀನವೂ ಕಾರಣವೆಂದು ಒಪ್ಪಿಕೊಂಡವರು, ಊರಾಚೆಯ ಸರ್ಕಾರಿ ಕಾಡನ್ನು ಯಾರು ಯಾರಿಗೆ ಬರೆದುಕೊಟ್ಟರು ಎಂದು ಕೇಳದೆ ಇರುವುದು ಸಾಧ್ಯವಿರಲಿಲ್ಲ. 1982ರಲ್ಲಿ ಏಕಪಕ್ಷ ವ್ಯವಸ್ಥೆಯನ್ನು ಕಾನೂನಾಗಿಸಿಕೊಂಡಿದ್ದ ದೇಶದಲ್ಲಿ, 1988ರಲ್ಲಿ ಮತದಾರರು ಗುಟ್ಟಿನ ಮತಪತ್ರವಿಲ್ಲದೆ ಅಭ್ಯರ್ಥಿಯ ಹಿಂದೆ ಬಹಿರಂಗವಾಗಿ ಸಾಲುಗಟ್ಟಿ ನಿಲ್ಲಬೇಕಾಗಿ ಬಂದಿದ್ದ ದೇಶದಲ್ಲಿ, ಇಂತಹ ಪ್ರಶ್ನೆಯೇ ರಾಜಕೀಯವಾಗುತ್ತದೆ.

ಮಾಥಾಯಿ ಅವರ ಸ್ವಂತ ರಾಜಕೀಯ ಪ್ರವೇಶವೂ ಹೀಗೆಯೇ ಎಡವಿತು. 1982ರಲ್ಲಿ ಸಂಸತ್ತಿನ ಸ್ಥಾನವೊಂದಕ್ಕೆ ಸ್ಪರ್ಧಿಸಲೆಂದು ಅವರು ವಿಶ್ವವಿದ್ಯಾಲಯದ ಹುದ್ದೆಗೆ ರಾಜೀನಾಮೆ ಕೊಟ್ಟರು. ಮತದಾರರ ನೋಂದಣಿ ಸರಿಯಿಲ್ಲವೆಂಬ ಕಾರಣದಿಂದ ಅವರನ್ನು ಕಣಕ್ಕಿಳಿಯಲು ಬಿಡಲಿಲ್ಲ; ವಿಶ್ವವಿದ್ಯಾಲಯವೂ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ.

ಪ್ರಶ್ನೆ: ಅರವತ್ತು ಅಂತಸ್ತಿನ ಕಟ್ಟಡವೊಂದನ್ನು ಅವರು ಒಬ್ಬರೇ ತಡೆದರೆಂಬುದು ನಿಜವೇ?

ಉತ್ತರ: ಒಬ್ಬರೇ ಎಂಬುದು ಉತ್ಪ್ರೇಕ್ಷೆ, ಆದರೆ ಮೊದಲು ಗಟ್ಟಿಯಾಗಿ ಕೇಳಿದವರು ಅವರೇ. ನೈರೋಬಿಯ ನಡುವೆ ಇರುವ ಉಹುರು ಪಾರ್ಕ್ ನಗರದ ಬಡವರಿಗೂ ಬಾಗಿಲು ತೆರೆದ ವಿಶಾಲವಾದ ಉದ್ಯಾನ. 1989ರಲ್ಲಿ ಆಳುವ ಪಕ್ಷವಾದ ಕಾನುವಿಗೂ ಅದರ ‘ಕೀನ್ಯಾ ಟೈಮ್ಸ್’ ಪತ್ರಿಕೆಗೂ ನೆಲೆಯಾಗಬೇಕಿದ್ದ ಗೋಪುರವನ್ನು, ಜೊತೆಗೆ ಅಧ್ಯಕ್ಷ ಡೇನಿಯಲ್ ಅರಪ್ ಮೋಯಿ ಅವರ ಪ್ರತಿಮೆಯನ್ನು, ಅಲ್ಲಿ ನಿಲ್ಲಿಸುವ ಯೋಜನೆ ಸಿದ್ಧವಾಯಿತು. ಮಾಥಾಯಿ ಮಾಡಿದ್ದು ಇಷ್ಟೇ: ಪತ್ರ ಬರೆದರು. ಅಧ್ಯಕ್ಷರ ಕಚೇರಿಗೆ, ನಗರಾಡಳಿತಕ್ಕೆ, ವಿಶ್ವಸಂಸ್ಥೆಯ ಪರಿಸರ ಸಂಸ್ಥೆಗೆ, ಪತ್ರಿಕೆಯಲ್ಲಿ ಪಾಲುದಾರರಾಗಿದ್ದ ಬ್ರಿಟನ್ನಿನ ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ಅವರ ಮನವೊಲಿಸಿರೆಂದು ಬ್ರಿಟಿಷ್ ರಾಯಭಾರಿಗೆ, ಹೀಗೆ ಉದ್ದಕ್ಕೂ ಪತ್ರಗಳು. ಸಾರ್ವಜನಿಕ ಜಾಗವನ್ನು ಯಾವ ಅಧಿಕಾರದಿಂದ ಕೊಟ್ಟಿರಿ ಎಂಬುದೇ ಅವರ ತಕರಾರು.

ಉತ್ತರಕ್ಕೆ ಬದಲು ಸಂಸತ್ತಿನಲ್ಲಿ ಲೇವಡಿ ಬಂದಿತು. ಅವರ ಸಂಘಟನೆಯನ್ನು ಗಂಡ ಬಿಟ್ಟವರ ಗುಂಪೆಂದು ಸದಸ್ಯರು ಮೂದಲಿಸಿದರು. ಆಫ್ರಿಕದ ಸಂಪ್ರದಾಯದ ಹೆಂಗಸು ಗಂಡಸರನ್ನು ಗೌರವಿಸಿ ಸುಮ್ಮನಿರಬೇಕೆಂಬ ಅರ್ಥದ ಮಾತನ್ನು ಅಧ್ಯಕ್ಷರೇ ಆಡಿದರು. ಚಳವಳಿಯ ಕಚೇರಿಯನ್ನು ಸರ್ಕಾರಿ ಕಟ್ಟಡದಿಂದ ತೆರವು ಮಾಡಿಸಲಾಯಿತು. ಮಾಥಾಯಿ ಹೈಕೋರ್ಟಿಗೆ ಹೋದರೆ, ಈ ದಾವೆ ಹೂಡುವ ಹಕ್ಕೇ ಅವರಿಗಿಲ್ಲವೆಂದು ಡಿಸೆಂಬರಿನಲ್ಲಿ ಅರ್ಜಿ ವಜಾ ಆಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು ಈ ತೀರ್ಪಿನಲ್ಲಿದೆ: ಉದ್ಯಾನ ಎಲ್ಲರದ್ದು, ಆದುದರಿಂದಲೇ ಅದರ ಪರವಾಗಿ ಕೇಳಲು ಯಾರೊಬ್ಬರಿಗೂ ಅಧಿಕಾರವಿಲ್ಲ! ಕೊನೆಗೆ ಯೋಜನೆ ಬಿದ್ದದ್ದು ನ್ಯಾಯಾಲಯದಿಂದಲ್ಲ. ಪತ್ರಗಳೆಬ್ಬಿಸಿದ ಗದ್ದಲದಿಂದ ವಿದೇಶಿ ಹೂಡಿಕೆದಾರರು ಹಿಂದೆ ಸರಿದದ್ದರಿಂದ.

ಅದೇ ಉದ್ಯಾನದಲ್ಲಿ 1992ರ ಫೆಬ್ರುವರಿ ಕೊನೆಯಲ್ಲಿ ರಾಜಕೀಯ ಕೈದಿಗಳ ತಾಯಂದಿರು ಉಪವಾಸ ಕುಳಿತಾಗ ಮಾಥಾಯಿ ಅವರೂ ಜೊತೆಗಿದ್ದರು. ಮಾರ್ಚ್ 3ರಂದು ಪೊಲೀಸರು ನುಗ್ಗಿ ಹೊಡೆದಾಗ ಅವರು ಪ್ರಜ್ಞೆ ತಪ್ಪಿ ಬಿದ್ದರು. ವೃದ್ಧ ತಾಯಂದಿರು ಬಟ್ಟೆ ಕಳಚಿ ಪೊಲೀಸರ ಎದುರು ನಿಂತರು. ಆ ನಾಡಿನ ನಂಬಿಕೆಯಲ್ಲಿ ಅದು ಗಂಡಸರಿಗೆ ತಗಲುವ ಶಾಪ. ಹೋರಾಟ ಅಲ್ಲಿಂದ ಆಲ್ ಸೇಂಟ್ಸ್ ಕೆಥೀಡ್ರಲ್‌ಗೆ ಸ್ಥಳಾಂತರಗೊಂಡು ವರ್ಷದ ಆಚೀಚೆ ನಡೆಯಿತು, 1993ರ ಆರಂಭದ ಹೊತ್ತಿಗೆ ಬಹುಪಾಲು ಕೈದಿಗಳು ಹೊರಬಂದರು. ನೈರೋಬಿಯ ಅಂಚಿನ ಕರೂರಾ ಅರಣ್ಯವನ್ನು ಆಳುವವರ ಆಪ್ತರಿಗೆ ಹಂಚಲಾಗುತ್ತಿದೆಯೆಂದು ತಿಳಿದು 1999ರ ಜನವರಿಯಲ್ಲಿ ಗಿಡ ನೆಡಲು ಹೋದಾಗಲೂ ಕಾವಲಿನವರಿಂದ ತಲೆಗೆ ಪೆಟ್ಟು ತಿಂದ ಅವರು, ಠಾಣೆಯಲ್ಲಿ ದೂರಿಗೆ ತಮ್ಮ ರಕ್ತದಿಂದಲೇ ಸಹಿ ಹಾಕಿದರು. ಆ ವರ್ಷ ಆಗಸ್ಟಿನಲ್ಲಿ ಸಾರ್ವಜನಿಕ ಭೂಮಿಯ ಹಂಚಿಕೆಯನ್ನು ಮೋಯಿ ನಿಲ್ಲಿಸಿದರು.

ಪ್ರಶ್ನೆ: ಇಷ್ಟು ಜನಪ್ರಿಯರಾಗಿದ್ದವರು ಚುನಾವಣೆಗಳಲ್ಲಿ ಏಕೆ ಸೋತರು?

ಉತ್ತರ: 1997ರಲ್ಲಿ ಅಧ್ಯಕ್ಷ ಸ್ಥಾನಕ್ಕೂ ಸಂಸತ್ತಿಗೂ ನಿಂತು ಸೋತರು, ಮತದಾನದ ಮುನ್ನ ಅವರು ಕಣದಿಂದ ಸರಿದಿದ್ದಾರೆಂಬ ಸುಳ್ಳು ಸುದ್ದಿ ಹಬ್ಬಿತ್ತು. 2002ರಲ್ಲಿ ವಿರೋಧಪಕ್ಷಗಳೆಲ್ಲ ಒಂದಾಗಿ ಕಾನುವನ್ನು ಕೆಳಗಿಳಿಸಿದಾಗ, ಟೆಟು ಕ್ಷೇತ್ರದಲ್ಲಿ ಅವರಿಗೆ 98 ಶೇಕಡಾ ಮತ ಬಂದವು. ಆದರೆ ಹೊಸ ಅಧ್ಯಕ್ಷ ಮ್ವಾಯಿ ಕಿಬಾಕಿ, ಮಾಥಾಯಿ ಅವರಿಗೆ ಕೊಟ್ಟದ್ದು ಪರಿಸರ ಖಾತೆಯ ಸಹಾಯಕ ಸಚಿವೆಯ ಹುದ್ದೆ. ಸಂಪುಟದಲ್ಲಿ ದನಿಯಿಲ್ಲದ ಸ್ಥಾನ. ಕಾಡಿನಲ್ಲಿ ಸಸಿಗಳ ನಡುವೆ ಬೆಳೆ ತೆಗೆಯಲು ಜನರಿಗೆ ಅವಕಾಶ ಕೊಡುವ ‘ಶಾಂಬಾ’ ಪದ್ಧತಿಯನ್ನು ಅವರು ವಿರೋಧಿಸಿದರು. ಅರಣ್ಯದ ದೃಷ್ಟಿಯಿಂದ ನಿಲುವು ಸರಿಯಿದ್ದೀತು, ಆದರೆ ಅದೇ ತುಂಡು ನೆಲದಿಂದ ಹೊಟ್ಟೆ ಹೊರೆಯುವವರಿಗೆ ಅದು ಹಿತವಾಗುವ ಮಾತಲ್ಲ. ಪ್ರಶ್ನೆ ಕೇಳುವ ಜಾಗದಿಂದ ಉತ್ತರ ಹೇಳುವ ಜಾಗಕ್ಕೆ ಬಂದವರು ಎದುರಿಸುವ ಇಕ್ಕಟ್ಟು ಇದು. ಮಾಥಾಯಿ ಅದನ್ನು ಪೂರ್ತಿಯಾಗಿ ಗೆದ್ದರೆಂದು ನಾನು ಹೇಳಲಾರೆ.

2007ರಲ್ಲಿ ಪಕ್ಷದ ಒಳಚುನಾವಣೆಯಲ್ಲಿಯೇ ಟಿಕೆಟ್ ತಪ್ಪಿತು. ಆ ವರ್ಷದ ಅಧ್ಯಕ್ಷೀಯ ಫಲಿತಾಂಶ ವಿವಾದಕ್ಕೆ ಸಿಲುಕಿ, ಸಾವಿರಕ್ಕೂ ಹೆಚ್ಚು ಜನ ಹಿಂಸೆಗೆ ಬಲಿಯಾದ ದಿನಗಳಲ್ಲಿ, ತಾವು ಕಿಬಾಕಿಯವರ ಪಾಳಯದವರಾಗಿದ್ದರೂ ಮತಗಳ ಮರುಎಣಿಕೆ ಆಗಲಿ, ಫಲಿತಾಂಶ ನ್ಯಾಯವಾದುದೆಂದು ಎರಡೂ ಕಡೆಯವರಿಗೆ ಅನ್ನಿಸಬೇಕು ಎಂದರು. ಅವರ ರಾಜಕೀಯ ಜೀವನದ ಅತ್ಯುತ್ತಮ ಗಳಿಗೆ 98 ಶೇಕಡಾ ಮತದ ದಿನವಲ್ಲ, ಇದು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಏಡ್ಸ್ ಬಗ್ಗೆ ಅವರು ವಿವಾದಾತ್ಮಕ ಹೇಳಿಕೆ ನೀಡಿದ್ದರಲ್ಲವೇ?

ಉತ್ತರ: ಎಚ್‌ಐವಿ ವೈರಾಣು ಮನುಷ್ಯನ ಸೃಷ್ಟಿಯೆಂಬ ಮಾತನ್ನು ಅವರು ಆಡಿದರೆಂದು 2004ರಲ್ಲಿ ವರದಿಯಾಗಿತ್ತು. ಆಫ್ರಿಕದವರನ್ನು ನಾಶಮಾಡಲು ಬಿಳಿಯರು ಅದನ್ನು ಸೃಷ್ಟಿಸಿದರೆಂದು ತಾವು ಹೇಳುವುದೂ ಇಲ್ಲ, ನಂಬುವುದೂ ಇಲ್ಲ ಎಂದು ಅದೇ ಡಿಸೆಂಬರಿನಲ್ಲಿ ಅವರು ಲಿಖಿತ ಸ್ಪಷ್ಟೀಕರಣ ಕೊಟ್ಟರು.

ಪ್ರಶ್ನೆ: ಅವರ ಹೋರಾಟದಿಂದ ಕಾನೂನಿನಲ್ಲಿ ಏನಾದರೂ ಉಳಿದಿದೆಯೇ?

ಉತ್ತರ: ಮಾಥಾಯಿ 2011ರ ಸೆಪ್ಟೆಂಬರ್ 25ರಂದು ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಜಾರಿಗೆ ಬಂದ ಕೀನ್ಯಾದ ಹೊಸ ಸಂವಿಧಾನ ಅವರೊಬ್ಬರ ಕೊಡುಗೆಯಲ್ಲ, ಆದರೂ ಅವರ ತಕರಾರುಗಳ ಗುರುತು ಅದರಲ್ಲಿ ಕಾಣುತ್ತದೆ. 69ನೇ ವಿಧಿಯು ದೇಶದ ಭೂಭಾಗದ ಕನಿಷ್ಠ 10 ಶೇಕಡಾ ಮರಗಳಿಂದ ಕೂಡಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. ಶುದ್ಧ ಪರಿಸರದ ಹಕ್ಕಿಗೆ ಧಕ್ಕೆಯಾದಾಗ ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದು, ತನಗೆ ವೈಯಕ್ತಿಕವಾಗಿ ನಷ್ಟವಾಗಿದೆಯೆಂದು ಅರ್ಜಿದಾರರು ತೋರಿಸಬೇಕಾಗಿಲ್ಲ ಎಂದು 70ನೇ ವಿಧಿ ಹೇಳುತ್ತದೆ. 1989ರ ಡಿಸೆಂಬರಿನಲ್ಲಿ ಅರ್ಜಿ ವಜಾ ಮಾಡಲು ಬಳಸಿದ ಕಾರಣವನ್ನು ಈಗ ಅಲ್ಲಿನ ಯಾವ ನ್ಯಾಯಾಲಯವೂ ಕೊಡುವಂತಿಲ್ಲ.