ಸರ್ ಹೆಸರಲ್ಲಿ ನಾನೇ ಪತ್ರ ಬರೆಯಲಾ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವ ಆಸೆ. ಮೂರು ಶಿಫಾರಸು ಪತ್ರ ಬೇಕು. ಪತ್ರ ಕೊಡುವವರ ಮೇಲ್ ಐಡಿ ಅರ್ಜಿಯಲ್ಲಿ ಹಾಕಿದರೆ ಅವರಿಗೇ ಲಿಂಕ್ ಬರುತ್ತೆ, ಅವರೇ ಅಪ್‌ಲೋಡ್ ಮಾಡಬೇಕು. ಪ್ರಾಜೆಕ್ಟ್ ಗೈಡ್ ಮೇಡಂ ಒಪ್ಪಿದ್ದಾರೆ, ಆದರೆ ಅವರು ಬರೀ ಅಸಿಸ್ಟೆಂಟ್ ಪ್ರೊಫೆಸರ್. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸರ್ ಹತ್ತಿರ ಹೋದರೆ, 'ಪುರುಸೊತ್ತಿಲ್ಲಮ್ಮ, ನೀನೇ ಬರ್ಕೋ, ನನ್ನ ಹೆಸರಲ್ಲಿ ಒಂದು ಜಿಮೇಲ್ ಮಾಡಿ ಅಪ್‌ಲೋಡ್ ಮಾಡ್ಬಿಡು' ಅಂದರು. ಐಡಿ ಮಾಡಿದ್ದೇನೆ. ಬರೆಯಲು ಕೂತರೆ ಕೈ ಓಡುತ್ತಿಲ್ಲ. ಸೀನಿಯರ್‌ಗಳೆಲ್ಲ ಹೀಗೇ ಮಾಡಿದ್ದಾರಂತೆ. ಬೇಡ ಅಂದರೆ ಸರ್‌ಗೆ ಕೋಪ ಬಂದು ಮಾರ್ಕ್ಸ್ ಕಡಿಮೆ ಮಾಡಿದರೆ? ಡಿಸೆಂಬರ್ ಗಡುವು ಹತ್ತಿರ ಬಂತು.

ಉತ್ತರ: ಕೈ ಓಡದಿದ್ದುದೇ ಒಳ್ಳೆಯದಾಯಿತು.

ಸರ್ ಎರಡು ಬೇರೆ ಬೇರೆ ಕೆಲಸ ಹೇಳಿದ್ದಾರೆ. ಕರಡು ಬರೆದುಕೊಂಡು ಬಾ ಅನ್ನುವುದು ಎಷ್ಟೋ ಕಾಲೇಜುಗಳಲ್ಲಿ ಮಾಮೂಲು. ನನಗೆ ಅದು ಇಷ್ಟವಿಲ್ಲ, ಆದರೂ ಅವರು ಕೂತು ಓದಿ, ತಿದ್ದಿ, ತಮ್ಮ ಮಾತು ಸೇರಿಸಿ ತಾವೇ ಕಳಿಸಿದರೆ ಕೊನೆಗೆ ಅದು ಅವರ ಪತ್ರವೇ ಅಂತ ಒಂದು ವಾದ ಹೂಡಬಹುದು. ಅವರ ಹೆಸರಿನ ಐಡಿ ಮಾಡಿ ಅವರ ಹಾಗೆ ನಟಿಸಿ ಅಪ್‌ಲೋಡ್ ಮಾಡುವುದಕ್ಕೆ ಯಾವ ವಾದವೂ ಇಲ್ಲ. ಅದು ಫೋರ್ಜರಿ. ಸರ್ರೇ ಹೇಳಿದ್ದು ಅಂದರೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅರ್ಜಿಯ ಕೊನೆಯಲ್ಲಿ 'ಇದೆಲ್ಲ ನಿಜ' ಅಂತ ಸಹಿ ಮಾಡುವವರು ನೀವು. ಗೊತ್ತಾದರೆ ಕೊಟ್ಟ ಸೀಟು ವಾಪಸ್ ಹೋಗಬಹುದು, ಸೇರಿದ ಮೇಲೂ ಹೊರಗೆ ಹಾಕಬಹುದು. ಸೀನಿಯರ್‌ಗಳಿಗೆ ಏನೂ ಆಗಲಿಲ್ಲವಲ್ಲ ಅಂತೀರಾ? ಸೀಟು ಸಿಗದವರಿಗೆ ಕಾರಣ ತಿಳಿಸುವುದು ಅಪರೂಪ. ಯಾರ ಅರ್ಜಿ ಯಾಕೆ ಬಿದ್ದುಹೋಯಿತು ಅಂತ ಅವರಿಗೂ ಗೊತ್ತಿರುವುದಿಲ್ಲ.

ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತೆ, ನೋಡಿದ್ದೀರಾ? ಅಮೆರಿಕದ 1974ರ ಫೆರ್ಪಾ ಕಾನೂನಿನಂತೆ, ಸೇರಿದ ವಿದ್ಯಾರ್ಥಿಗೆ ತನ್ನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕಿದೆ. ಶಿಫಾರಸು ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಅಂತ ಕೇಳುತ್ತಾರೆ, ಬಿಟ್ಟುಕೊಟ್ಟೆ ಅಂತ ಹೇಳುವುದೇ ಜಾಸ್ತಿ. ಹುಡುಗಿ ಇದನ್ನು ನೋಡುವುದಿಲ್ಲ ಅಂತ ಗೊತ್ತಿದ್ದರೆ ಬರೆಯುವವರು ಮನಸ್ಸು ಬಿಚ್ಚಿ ಬರೆಯುತ್ತಾರೆ, ಓದುವವರೂ ನಂಬುತ್ತಾರೆ. ನೀವೇ ಬರೆದಿದ್ದನ್ನು 'ನಾನು ನೋಡುವುದಿಲ್ಲ' ಅಂತ ಹೇಗೆ ಟಿಕ್ ಮಾಡುತ್ತೀರಿ?

ಸರಿ ತಪ್ಪು ಪಕ್ಕಕ್ಕಿಡಿ. ಈ ಪತ್ರ ಬರೆದರೂ ಚೆನ್ನಾಗಿ ಬರುವುದಿಲ್ಲ. ಪಿಎಚ್‌ಡಿ ಅರ್ಜಿ ಓದುವವರು ಆ ವಿಭಾಗದ ಪ್ರೊಫೆಸರ್‌ಗಳೇ, ಇಂಥ ಪತ್ರ ಓದಿ, ಬರೆದು ಪಳಗಿದವರು. ಈ ಹುಡುಗಿಗೆ ಸಂಶೋಧನೆ ಕೈಹಿಡಿಯುತ್ತಾ, ಪ್ರಯೋಗ ಕೈಕೊಟ್ಟಾಗ ಏನು ಮಾಡಿದಳು, ಹೇಳಿಕೊಡದೆ ಏನು ಹುಡುಕಿದಳು ಅಂತ ನೋಡುತ್ತಾರೆ. ಅದನ್ನು ಪಕ್ಕದಲ್ಲಿ ನಿಂತು ಕಂಡವರು ಹೇಳಬೇಕು. ನೀವಾದರೆ 'ಶ್ರಮಜೀವಿ, ವಿನಯವಂತೆ, ಕ್ಲಾಸಿಗೇ ಮೊದಲು' ಅಂತ ಬರೆಯುತ್ತೀರಿ. ಕ್ಲಾಸಿಗೆ ಮೊದಲು ಅನ್ನುವುದು ಅಂಕಪಟ್ಟಿಯಲ್ಲೇ ಇದೆ. ಜೊತೆಗೆ ನಿಮ್ಮ ಎಸ್‌ಒಪಿ (ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ನೀವೇ ಬರೆಯುವ ಬರಹ) ಮತ್ತು ಸರ್ ಪತ್ರ ಒಂದೇ ಧಾಟಿಯಲ್ಲಿದ್ದರೆ ಓದುವವರಿಗೆ ಅನುಮಾನ ಬರದೆ ಇರುತ್ತಾ?

ಅಂದಹಾಗೆ 'ಬರೀ ಅಸಿಸ್ಟೆಂಟ್ ಪ್ರೊಫೆಸರ್' ಅಂದಿರಲ್ಲ, ಆ ಬರೀ ತೆಗೆದುಹಾಕಿ. ನಿಮ್ಮ ಮೂರು ಪತ್ರಗಳಲ್ಲಿ ಗಟ್ಟಿಯಾದದ್ದು ಮೇಡಂ ಪತ್ರವೇ. ಕುರ್ಚಿ ದೊಡ್ಡದಾದಷ್ಟೂ ಪತ್ರಕ್ಕೆ ತೂಕ ಅನ್ನೋದು ನಮ್ಮ ಕಡೆಯ ಭ್ರಮೆ. ನಿಮ್ಮ ಮುಖವೇ ನೆನಪಿಲ್ಲದ ದೊಡ್ಡವರ ನಾಲ್ಕು ಸಾಲಿಗಿಂತ, ನಿಮ್ಮ ಜೊತೆ ಲ್ಯಾಬಲ್ಲಿ ಕೂತವರ ಒಂದು ಪುಟ ಮೇಲು.

ಈಗ ಸರ್ ವಿಷಯ. ಒಂದು ಹಾಳೆಯಲ್ಲಿ ಅವರ ಯಾವ ವಿಷಯ ಓದಿದಿರಿ, ಎಷ್ಟು ಬಂತು, ಅವರ ಕಣ್ಣಮುಂದೆ ಏನು ಮಾಡಿದಿರಿ ಅಂತ ಬರೆಯಿರಿ. ಜೊತೆಗೆ ಸಿವಿ ಮತ್ತು ಗಡುವುಗಳ ಪಟ್ಟಿ ಇಡಿ. ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ, ಅಮೆರಿಕದ ಎಷ್ಟೋ ಪ್ರೊಫೆಸರ್‌ಗಳೇ ತಮ್ಮ ವಿದ್ಯಾರ್ಥಿಗಳಿಂದ ಇಂಥ ಮಾಹಿತಿ ಹಾಳೆ ಬರೆಸಿಕೊಳ್ಳುತ್ತಾರೆ. ಹೋಗಿ, 'ಸರ್, ಕಾಲೇಜಿನ ಮೇಲ್ ಐಡಿನೇ ಕೇಳ್ತಾರೆ, ಲಿಂಕ್ ನಿಮಗೇ ಬರುತ್ತೆ, ಬರೆಯೋಕೆ ಅನುಕೂಲ ಆಗಲಿ ಅಂತ ಇದು ತಂದೆ' ಅನ್ನಿ. ಸುಳ್ಳೇನಲ್ಲ, ಎಷ್ಟೋ ವಿಶ್ವವಿದ್ಯಾಲಯಗಳು ಸಂಸ್ಥೆಯ ಐಡಿಯನ್ನೇ ಕೇಳುತ್ತವೆ. ಆಗ ಅಡ್ಡ ಬಂದದ್ದು ಅಲ್ಲಿನ ನಿಯಮ, ನೀವಲ್ಲ. ಆಗಲೂ ಆಗಲ್ಲ ಅಂದರೆ 'ಪರವಾಗಿಲ್ಲ ಸರ್, ಬೇರೆಯವರನ್ನ ಕೇಳ್ತೀನಿ' ಅಂತ ಎದ್ದು ಬನ್ನಿ. ಪುರುಸೊತ್ತಿಲ್ಲದವರಿಗೆ ಒಂದು ಕೆಲಸ ಕಮ್ಮಿಯಾದರೆ ಕೋಪ ಯಾಕೆ ಬರುತ್ತೆ? ಇಂಟರ್ನ್‌ಶಿಪ್ ಮಾಡಿಸಿದವರನ್ನು ಕೇಳಿ, ಕ್ಲಾಸಲ್ಲಿ ನೀವು ಜಾಸ್ತಿ ಪ್ರಶ್ನೆ ಕೇಳಿ ತಲೆ ತಿಂದ ಮೇಷ್ಟ್ರನ್ನು ಕೇಳಿ. ಅರ್ಜಿ ಗಡುವಿನೊಳಗೆ ಹೋದರೆ ಪತ್ರ ಸ್ವಲ್ಪ ತಡವಾದರೂ ತೆಗೆದುಕೊಳ್ಳುವ ವಿಭಾಗಗಳಿವೆ, ಅವರ ವೆಬ್‌ಸೈಟಲ್ಲಿ ನೋಡಿಕೊಳ್ಳಿ.

ಆ ಜಿಮೇಲ್ ಐಡಿ ಇವತ್ತೇ ಡಿಲೀಟ್ ಮಾಡಿ. ಯಾವುದಾದರೂ ಅರ್ಜಿಯಲ್ಲಿ ಅದನ್ನು ಈಗಾಗಲೇ ಹಾಕಿಬಿಟ್ಟಿದ್ದರೆ, ಪತ್ರ ಅಪ್‌ಲೋಡ್ ಆಗುವ ಮೊದಲೇ ಆ ಹೆಸರು ತೆಗೆದು ಬೇರೆಯವರದ್ದು ಸೇರಿಸಿ. ಅರ್ಜಿಯ ಪುಟದಲ್ಲಿ ಬದಲಿಸಲು ಬಿಡದಿದ್ದರೆ ಅಡ್ಮಿಷನ್ ಆಫೀಸಿಗೆ 'ಶಿಫಾರಸು ಕೊಡುವವರು ಬದಲಾಗಿದ್ದಾರೆ' ಅಂತ ಒಂದು ಮೇಲ್ ಹಾಕಿ.